ಡ್ರಿಲ್ ಮಾಸ್ತರಿಗೆ ಗುರುಸ್ಥಾನ ಕೊಡಿಸಿದ ಹ್ಯಾರಿ ಬಕ್

ಮಳೆ ಇನ್ನೂ ಬಿಡುವು ಕೊಡದ ಆಗಸ್ಟ್ ತಿಂಗಳಿನಲ್ಲಿ ರಾಜ್ಯದ ಯಾವುದೇ ಹೋಬಳಿಯ ಶಾಲಾ ಕ್ರೀಡಾಕೂಟಕ್ಕೆ ಹೋದರೂ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಕೊರಳಲ್ಲಿ ಸೀಟಿ ತೂಗಿಸಿಕೊಂಡು, ತಲೆಗೆ ಟೊಪ್ಪಿಗೆ ಏರಿಸಿಕೊಂಡು ಹತ್ತಾರು ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ಬೆಳಗಿನ ಜಾವಕ್ಕೇ ಮೈದಾನ ಸೇರಿರುತ್ತಾರೆ. ಒಬ್ಬರು ಹಗ್ಗ ಹಿಡಿದು ಅಳೆಯುತ್ತಾರೆ, ಮತ್ತೊಬ್ಬರು ಸುಣ್ಣದ ಗೆರೆ ಎಳೆಯುತ್ತಾರೆ, ಇನ್ನೊಬ್ಬರು ತಂಡಗಳ ಹೆಸರು ಬರೆದ ಚೀಟಿಗಳನ್ನು ಮಡಚುತ್ತಿರುತ್ತಾರೆ. ಓಟ ಶುರುವಾದ ಮೇಲೆ ಒಂದು ಶಾಲೆಯ ಮೇಷ್ಟ್ರು ಓಡಿಸುವವರು, ಮತ್ತೊಂದು ಶಾಲೆಯವರು ಗಡಿಯಾರ ಹಿಡಿಯುವವರು, ಮೂರನೆಯವರು ತೀರ್ಪು ಕೊಡುವವರು. ನಡುವೆ ಸಿಗುವ ಚಹಾದ ಬಿಡುವಿನಲ್ಲಿ ವರ್ಗಾವಣೆಯ ಸುದ್ದಿ, ಹೊಸ ನಿಯಮಗಳ ಚರ್ಚೆ, ಯಾವ ಊರಿನ ಹುಡುಗಿ ಎಷ್ಟು ಎತ್ತರ ಜಿಗಿಯುತ್ತಾಳೆ ಎಂಬ ಲೆಕ್ಕಾಚಾರ. ಉಳಿದ ಶಿಕ್ಷಕರಿಗೆ ಶಾಲೆಯೊಳಗೇ ಸಹೋದ್ಯೋಗಿಗಳಿರುತ್ತಾರೆ. ಶಾಲೆಗೊಬ್ಬರೇ ಇರುವ ಈ ಮೇಷ್ಟ್ರಿಗೆ ಮಾತ್ರ ತನ್ನ ವೃತ್ತಿಯವರನ್ನು ಕಾಣಲು ಮೈದಾನವೇ ಗತಿ.

ದೈಹಿಕ ಶಿಕ್ಷಣ ಒಂದು ಕಲಿತು ಮಾಡಬೇಕಾದ ವೃತ್ತಿ, ಅದರಲ್ಲಿ ದುಡಿಯುವವರು ಪರಸ್ಪರ ಸಂಪರ್ಕದಲ್ಲಿರಬೇಕು ಎಂಬ ವಿಚಾರ ನಮ್ಮಲ್ಲಿ ತಾನಾಗಿ ಹುಟ್ಟಿದ್ದಲ್ಲ. ಅದನ್ನು ನೆಲಕ್ಕಿಳಿಸಿ ಬೇರು ಬಿಡಿಸಿದವರಲ್ಲಿ ಅಗ್ರಗಣ್ಯರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್. ದೈಹಿಕ ಶಿಕ್ಷಣದ ಪದವಿ ತರಗತಿಗಳಲ್ಲಿ ಅವರ ಹೆಸರು ಪರೀಕ್ಷೆಯ ಪ್ರಶ್ನೆಯಾಗಿ ಇಂದಿಗೂ ಬರುತ್ತದೆ. ಆ ತರಗತಿಗಳ ಹೊರಗೆ ಅವರನ್ನು ಬಲ್ಲವರು ವಿರಳ.

ಬಕ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಓದಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಈ ಶಾಲೆ ಸಾಮಾನ್ಯವಾದುದಲ್ಲ. 1891ರಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ್ದು ಅಲ್ಲಿಯೇ. 1895ರಲ್ಲಿ ವಾಲಿಬಾಲ್ ಹುಟ್ಟುಹಾಕಿದ ವಿಲಿಯಂ ಮಾರ್ಗನ್ ಕೂಡ ಅದೇ ಗರಡಿಯವರು. ದೇಹ, ಮನಸ್ಸು, ಆತ್ಮ ಈ ಮೂರನ್ನೂ ಒಟ್ಟಿಗೆ ಬೆಳೆಸಬೇಕೆಂಬುದು ಆ ಶಾಲೆಯ ಸೂತ್ರ. ವೈ.ಎಂ.ಸಿ.ಎ. ಲಾಂಛನದ ತ್ರಿಕೋನದ ಅರ್ಥವೂ ಅದೇ. ಅಲ್ಲಿ ಕಲಿತು ಹೊರಬಂದವರು ಆಟಗಾರರಾಗುವುದಕ್ಕಿಂತ ಹೆಚ್ಚಾಗಿ ಆಟ ಕಲಿಸುವವರಾಗಿ ಲೋಕದ ಮೂಲೆಮೂಲೆಗೆ ಚದುರಿದರು. ಹಾಗೆ ಚದುರಿದವರಲ್ಲಿ ಒಬ್ಬರಾಗಿ 1919ರಲ್ಲಿ ಬಕ್ ಮದರಾಸಿಗೆ ಬಂದಿಳಿದರು. ಆಗ ಅವರಿಗೆ ಮೂವತ್ತೈದರ ಆಸುಪಾಸು ವಯಸ್ಸು.

ಅವರು ಕಂಡ ಭಾರತದ ಶಾಲೆ ಹೇಗಿತ್ತು? 1882ರ ಹಂಟರ್ ಆಯೋಗವೇ ದೇಶೀಯ ಆಟ, ಅಂಗಸಾಧನೆ, ಡ್ರಿಲ್‌ಗಳಿಗೆ ಶಾಲೆಗಳಲ್ಲಿ ಪ್ರೋತ್ಸಾಹ ಸಿಗಬೇಕೆಂದು ಶಿಫಾರಸು ಮಾಡಿತ್ತು. ಆದರೆ ಕಲಿಸುವವರು ಯಾರು? ಬಹುತೇಕ ಕಡೆ ಸೇನೆಯಿಂದ ನಿವೃತ್ತರಾದ ಸಿಪಾಯಿಗಳೇ ಡ್ರಿಲ್ ಮಾಸ್ತರರು. ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್, ಎಡಬಲ ಹೆಜ್ಜೆ... ಇಷ್ಟಕ್ಕೆ ಪಾಠ ಮುಗಿಯಿತು. ಅವರನ್ನು ದೂರುವುದು ತಪ್ಪು, ಅವರಿಗೆ ತಿಳಿದಿದ್ದನ್ನು ಅವರು ಕಲಿಸಿದರು. ಎಂಟು ವರ್ಷದ ಮಗುವಿಗೆ ಎಷ್ಟು ವ್ಯಾಯಾಮ ಹಿತ, ಹದಿನೈದರ ಹುಡುಗನಿಗೆ ಎಷ್ಟು ಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಬಳದಲ್ಲಿಯೂ ಮರ್ಯಾದೆಯಲ್ಲಿಯೂ ಅವರು ಶಾಲೆಯ ಕೊನೆಯ ಪಂಕ್ತಿಯವರು.

ಆ ಕಾಲದ ಅರಿವಿನ ಮಟ್ಟ ತಿಳಿಯಲು ದೋರಾಬ್ಜಿ ಟಾಟಾ ಅವರು ನೆನಪಿಸಿಕೊಂಡ ಪ್ರಸಂಗವೊಂದು ಸಾಕು. ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದ ಟಾಟಾ, ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಹುಡುಗರ ವೇಗ ಕಂಡು ಬೆರಗಾಗಿ, ಇವರನ್ನು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಕಳಿಸಬಾರದೇಕೆ ಎಂದು ಯೋಚಿಸಿದರು. ನೂರು ಗಜದ ಓಟಕ್ಕೆ ಎಷ್ಟು ಸಮಯ ಅರ್ಹತೆಯೆನಿಸೀತು ಎಂದು ಸಮಿತಿಯ ಪ್ರಮುಖರೊಬ್ಬರನ್ನು ಕೇಳಿದಾಗ, ಒಂದೆರಡು ನಿಮಿಷವಿರಬಹುದು ಎಂಬ ಉತ್ತರ ಬಂತಂತೆ! ನಿಮಿಷಗಳಲ್ಲ, ಸೆಕೆಂಡುಗಳು ಮತ್ತು ಅದರ ಭಾಗಗಳು ಎಂದು ಟಾಟಾ ತಿಳಿಹೇಳಬೇಕಾಯಿತು. ಓಡುವವರಿಗೆ ಕೊರತೆಯಿರಲಿಲ್ಲ, ಓಟವನ್ನು ಅಳೆಯಬಲ್ಲವರು ಇರಲಿಲ್ಲ. ಆ ವರ್ಷ ಆಂಟ್ವರ್ಪ್‌ನ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದ ಫಡೆಪ್ಪ ಚೌಗುಲೆ ನಮ್ಮ ಬೆಳಗಾವಿಯವರು.

ಚೌಗುಲೆ ಓಡಿದ ಆ 1920ರಲ್ಲಿಯೇ ಬಕ್ ಮದರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದರು. ಮೊದಲ ತಂಡದಲ್ಲಿದ್ದ ವಿದ್ಯಾರ್ಥಿಗಳು ಕೇವಲ 5 ಮಂದಿ. ಮುಂದೆ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಎಂದು ಹೆಸರಾಗಿ, ಸೈದಾಪೇಟೆಗೆ ಹತ್ತಿರದ ನಂದನಂನ ವಿಶಾಲ ಆವರಣದಲ್ಲಿ ನೆಲೆಗೊಂಡ ಸಂಸ್ಥೆಯ ಆರಂಭ ಇಷ್ಟು ಸಣ್ಣದು. ಈ ಬಗೆಯ ಕಾಲೇಜುಗಳಲ್ಲಿ ಏಷ್ಯಾದಲ್ಲೇ ಇದು ಮೊದಲನೆಯದೆಂದು ಗಣಿಸಲಾಗಿದೆ. ಬಕ್ ಅವರ ಪತ್ನಿ ಮೇರಿ ಈ ಕೆಲಸದಲ್ಲಿ ಅವರ ಜೊತೆಯಾಗಿದ್ದರು.

ತರಬೇತಿಯಿಂದ ಏನು ವ್ಯತ್ಯಾಸವಾಗುತ್ತದೆ ಎಂಬುದನ್ನು ಮೈದಾನದ ಒಂದು ಲೆಕ್ಕದಿಂದಲೇ ನೋಡಬಹುದು. ಒಂದು ಸುತ್ತಿನ ಓಟದಲ್ಲಿ ಎರಡು ತಿರುವುಗಳು ಸೇರಿ ಒಂದು ಪೂರ್ಣ ವೃತ್ತವಾಗುತ್ತದೆ. ಓಟದ ಪಟ್ಟಿ 4 ಅಡಿ ಅಗಲವಿದ್ದರೆ, ಒಳಗಿನ ಪಟ್ಟಿಯವನಿಗಿಂತ ಅದರ ಪಕ್ಕದವನು ಸುಮಾರು 25 ಅಡಿ ಹೆಚ್ಚು ಓಡಬೇಕಾಗುತ್ತದೆ. ಆರನೆಯ ಪಟ್ಟಿಯ ಹುಡುಗನಿಗೆ ಬೀಳುವ ಹೆಚ್ಚುವರಿ ಹೊರೆ 125 ಅಡಿ. ಅದಕ್ಕಾಗಿಯೇ ಹೊರಪಟ್ಟಿಯವರನ್ನು ಅಷ್ಟಷ್ಟೇ ಮುಂದೆ ನಿಲ್ಲಿಸಿ ಓಡಿಸುವುದು. ಈ ಲೆಕ್ಕ ತಿಳಿಯದ ಮಾಸ್ತರು ಆರು ಹುಡುಗರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಸೀಟಿ ಊದಿದರೆ, ಹೊರಪಟ್ಟಿಯ ಹುಡುಗ ಓಡುವ ಮುನ್ನವೇ ಸೋತಿರುತ್ತಾನೆ. ಸೋಲಿಗೆ ಕಾರಣವೇನೆಂದು ಅವನಿಗೂ ತಿಳಿಯದು, ಮಾಸ್ತರಿಗೂ ತಿಳಿಯದು. 11 ತಂಡಗಳ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲಿ 5 ತಂಡಗಳಿಗೆ ಬೈ ಕೊಡಬೇಕೆಂಬುದೂ ಹೀಗೆಯೇ, ಕಲಿತವರಿಗೆ ಸುಲಭ, ಕಲಿಯದವರಿಗೆ ಜಗಳದ ಮೂಲ. ಶರೀರ ರಚನೆ, ಪ್ರಥಮ ಚಿಕಿತ್ಸೆಯಿಂದ ಹಿಡಿದು ಮೈದಾನ ಅಳೆಯುವ ತನಕ ಇವೆಲ್ಲ ಬಿಡಿ ಕೌಶಲಗಳಲ್ಲ, ಒಂದು ವೃತ್ತಿಯ ಅಂಗಗಳು ಎಂಬ ನಿಲುವಿನಿಂದ ಬಕ್ ಹೊರಟಿದ್ದರು.

ಕಾಲೇಜು ತೆರೆದ ನಾಲ್ಕೇ ವರ್ಷಕ್ಕೆ ದೊಡ್ಡ ಹೊಣೆಯೊಂದು ಹೆಗಲೇರಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೊರಟ ಭಾರತದ ಅಥ್ಲೆಟಿಕ್ಸ್ ತಂಡದ ವ್ಯವಸ್ಥಾಪಕರಾಗಿ ಬಕ್ ನಿಯುಕ್ತರಾದರು. ಉದ್ದಜಿಗಿತದ ದಲೀಪ್ ಸಿಂಗ್, ಹರ್ಡಲ್ಸ್ ಓಟಗಾರ ಸಿ.ಕೆ. ಲಕ್ಷ್ಮಣನ್ ಆ ತಂಡದಲ್ಲಿದ್ದರು. ಈ ಲಕ್ಷ್ಮಣನ್ ಮುಂದೆ ವೈದ್ಯರಾಗಿ, ದೇಶದ ಆರೋಗ್ಯ ಸೇವೆಗಳ ಮಹಾನಿರ್ದೇಶಕರ ಹುದ್ದೆಗೇರಿದರು. ಪದಕ ಬರಲಿಲ್ಲ. ಅಥ್ಲೆಟಿಕ್ಸ್ ಮಟ್ಟಿಗೆ ಬರುವ ಸಾಧ್ಯತೆಯೂ ಇರಲಿಲ್ಲವೆನ್ನಬೇಕು.

ಪ್ಯಾರಿಸ್‌ನ ನಂತರದ ಕೆಲಸ, ಈ ಲೇಖಕನ ದೃಷ್ಟಿಯಲ್ಲಿ, ಪ್ಯಾರಿಸ್‌ಗಿಂತ ದೊಡ್ಡದು. ವೈ.ಎಂ.ಸಿ.ಎ.ಯವರೇ ಆದ ಡಾ. ಎ.ಜಿ. ನೊಹ್ರೆನ್ ಅವರೊಡನೆ ಬಕ್ ದೇಶ ಸುತ್ತಿದರು. ಪ್ರಾಂತ ಪ್ರಾಂತಗಳಲ್ಲಿ ಒಲಿಂಪಿಕ್ ಸಂಸ್ಥೆಗಳು ತಲೆಯೆತ್ತಲು ನೆರವಾದರು. ಈ ಓಡಾಟದ ಫಲವಾಗಿ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಿತು. ದೋರಾಬ್ಜಿ ಟಾಟಾ ಅಧ್ಯಕ್ಷರಾದರು, ನೊಹ್ರೆನ್ ಕಾರ್ಯದರ್ಶಿಯಾದರು. ಒಂದು ಪ್ರಾಂತದ ಕ್ರೀಡಾ ಸಂಘಟಕನಿಗೆ ಮತ್ತೊಂದು ಪ್ರಾಂತದ ಸಂಘಟಕನ ಪರಿಚಯವೇ ಇಲ್ಲದಿದ್ದ ಕಾಲದಲ್ಲಿ ಒಂದು ಕೊಂಡಿ ಸಿದ್ಧವಾಯಿತು.

ಬಕ್ ಹೆಣೆದ ಇನ್ನೆರಡು ಕೊಂಡಿಗಳು ಕಾಗದದವು. ಆಟಗಳ ನಿಯಮಗಳನ್ನೆಲ್ಲ ಒಂದೆಡೆ ತಂದ ಅವರ ಪುಸ್ತಕ ದೈಹಿಕ ಶಿಕ್ಷಕರ ಪಾಲಿಗೆ ಕೈಪಿಡಿಯಾಯಿತು. ಅವರ ಕಾಲಾನಂತರವೂ ಪರಿಷ್ಕೃತ ಮುದ್ರಣಗಳನ್ನು ಕಂಡಿತು. ಊರಿಗೊಂದು ನಿಯಮ, ಪಂಚಾಯಿತಿಗೊಂದು ತೀರ್ಪು ಎಂಬಂತಿದ್ದ ಮೈದಾನದಲ್ಲಿ, ಅಚ್ಚಾದ ಪುಟ ತೋರಿಸಿ ಜಗಳ ಬಿಡಿಸುವ ಬಲ ಮೇಷ್ಟ್ರಿಗೆ ಬಂತು. ಇನ್ನೊಂದು, 1920ರ ದಶಕದ ಕೊನೆಯ ಭಾಗದಲ್ಲಿ ಕಾಲೇಜು ಹೊರತರತೊಡಗಿದ ‘ವ್ಯಾಯಾಮ್’ ಎಂಬ ಪತ್ರಿಕೆ. ದೂರದ ಊರಿನ ಶಾಲೆಯಲ್ಲಿ ಒಂಟಿಯಾಗಿ ದುಡಿಯುವ ದೈಹಿಕ ಶಿಕ್ಷಕನಿಗೆ ತನ್ನ ವೃತ್ತಿಯ ಆಗುಹೋಗುಗಳನ್ನು ಅಂಚೆಯವನು ತಂದುಕೊಡುವ ವ್ಯವಸ್ಥೆಯಿದು. ಇಂದು ಮೊಬೈಲ್ ಗುಂಪುಗಳಲ್ಲಿ ಕ್ಷಣಾರ್ಧದಲ್ಲಿ ನಡೆಯುವ ಕೆಲಸ ಅಂದು ಹೀಗೆ ನಡೆಯುತ್ತಿತ್ತು.

ಇದೇ ಕಾಲದ ನಮ್ಮ ನಾಡಿನತ್ತ ಕಣ್ಣು ಹಾಯಿಸಿದರೆ ಒಂದು ಸ್ವಾರಸ್ಯವಿದೆ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತಿದ್ದರು. ಹೌದು, ‘ಶಾಂತಲಾ’ ಕಾದಂಬರಿಯ ಕರ್ತೃವೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗ ಕಲಿಸುತ್ತಿದ್ದರು. ಊರೂರ ಗರಡಿಗಳಂತೂ ಇದ್ದೇ ಇದ್ದವು. ಇವೆಲ್ಲವೂ ಹೆಚ್ಚಾಗಿ ಆಸಕ್ತಿಯಿಂದ ಅರಸಿ ಬಂದ ಶಿಷ್ಯರಿಗೆ. ಬಕ್ ಅವರ ಚಿಂತೆ ಬೇರೆ. ಅರಸಿ ಬಾರದ, ತರಗತಿಯಿಂದ ಸಾಲಾಗಿ ಮೈದಾನಕ್ಕೆ ಬರುವ ನೂರಾರು ಮಕ್ಕಳ ಮುಂದೆ ಒಬ್ಬನೇ ನಿಲ್ಲುವ ಶಿಕ್ಷಕನದು. ಹಾಗೆಂದು ಅವರು ದೇಶೀಯ ಸಾಧನೆಗಳನ್ನು ಹೊರಗಿಟ್ಟವರಲ್ಲ. ಯಾವುದೇ ಒಂದು ದೇಶದ ಪದ್ಧತಿಯನ್ನು ಇಡಿಯಾಗಿ ಭಾರತದ ಮೇಲೆ ಹೇರುವುದು ಸಲ್ಲದು, ಎಲ್ಲದರಿಂದ ಹಿತವಾದುದನ್ನು ಆಯ್ದುಕೊಳ್ಳಬೇಕು ಎಂಬುದು ಅವರ ಪ್ರತಿಪಾದನೆಯಾಗಿತ್ತು.

ಆದರೂ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ವಿದೇಶಿ ಮಿಷನರಿ ಹಿನ್ನೆಲೆಯ ಸಂಸ್ಥೆಯೊಂದು ಭಾರತದ ಮಕ್ಕಳ ಆಟವನ್ನು ತಿದ್ದುವುದೇ ಎಂಬ ಪ್ರಶ್ನೆ ರಾಷ್ಟ್ರೀಯ ಚಳವಳಿಯ ದಿನಗಳಲ್ಲಿ ಸಹಜವೇ ಆಗಿತ್ತು. 1914ರಲ್ಲಿ ಅಮರಾವತಿಯಲ್ಲಿ ಆರಂಭವಾದ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ದೇಶೀಯ ವ್ಯಾಯಾಮಕ್ಕೇ ಮೊದಲ ಮಣೆ ಹಾಕಿ, 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ನಮ್ಮ ಆಟಗಳ ಪ್ರದರ್ಶನ ನೀಡಿತು. ಎರಡು ದಾರಿಗಳೂ ಒಂದೇ ಕಾಲಕ್ಕೆ ಸಾಗಿದವು. ಶಾಲೆಯ ವೇಳಾಪಟ್ಟಿಯಲ್ಲಿ ಹೆಚ್ಚು ಜಾಗ ಹಿಡಿದದ್ದು ಮಾತ್ರ ವಾಲಿಬಾಲ್, ಬ್ಯಾಸ್ಕೆಟ್‌ಬಾಲ್‌ಗಳ ದಾರಿ.

ಮದರಾಸಿನ ಮಾದರಿ ಬಹುಬೇಗ ಹಬ್ಬಿತು. ಹೈದರಾಬಾದಿನಲ್ಲಿ 1931ರಲ್ಲಿ, ಕಲ್ಕತ್ತಾದಲ್ಲಿ 1932ರಲ್ಲಿ, ಮುಂಬೈ ಬಳಿಯ ಕಾಂದಿವಲಿಯಲ್ಲಿ 1938ರಲ್ಲಿ ದೈಹಿಕ ಶಿಕ್ಷಣದ ತರಬೇತಿ ಸಂಸ್ಥೆಗಳು ಬಂದವು. ಕನ್ನಡನಾಡು ಆಗ ಹರಿದು ಹಂಚಿಹೋಗಿತ್ತಷ್ಟೆ. ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿ, ಧಾರವಾಡ, ಬೆಳಗಾವಿಗಳು ಮುಂಬೈ ಪ್ರಾಂತದಲ್ಲಿ, ಕಲಬುರಗಿ, ರಾಯಚೂರು, ಬೀದರ್‌ಗಳು ನಿಜಾಮರ ಆಡಳಿತದಲ್ಲಿ. ಹೀಗಾಗಿ ಆಟದ ಮೇಷ್ಟ್ರಾಗಬೇಕೆಂದು ಹೊರಟ ಕನ್ನಡಿಗನಿಗೆ ತನ್ನ ಸರ್ಕಾರದ ಗಡಿಯೊಳಗೆ ಹತ್ತಿರವಾಗಿದ್ದ ದಾರಿಗಳು ಮೂರು ದಿಕ್ಕಿನವು. ಮಂಗಳೂರು, ಬಳ್ಳಾರಿಗಳಿಗೆ 1920ರಿಂದಲೇ ತೆರೆದಿದ್ದ ಬಾಗಿಲಿಗಾಗಿ ಧಾರವಾಡದವರು ಇನ್ನೂ 18 ವರ್ಷ ಕಾಯಬೇಕಾಯಿತು. ಇಂದು ಅಂಥ ಕಾಯುವಿಕೆಯಿಲ್ಲ, ಬಿ.ಪಿ.ಇಡಿ. ಕಾಲೇಜುಗಳು ರಾಜ್ಯದೊಳಗೇ ಹಲವಿವೆ. ಪರೀಕ್ಷೆ ಸಮೀಪಿಸಿದಂತೆ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಸಾಲ ಕೇಳುವ ಪದ್ಧತಿ ಮಾತ್ರ, ಈ ವರದಿಗಾರ ಓದುವಾಗ ಹೇಗಿತ್ತೋ ಹಾಗೆಯೇ ಇದೆ. ಆ ಸಾಲ ಮರಳಿ ಬಂದದ್ದು ನೆನಪಿಲ್ಲ.

ಬಕ್ ತಮ್ಮ ದೇಶಕ್ಕೆ ಹಿಂತಿರುಗಿ ನೆಲೆಸಲಿಲ್ಲ. ಎರಡನೆಯ ಮಹಾಯುದ್ಧ ನಡೆದಿದ್ದಾಗಲೇ, 1943ರಲ್ಲಿ, ಮದರಾಸಿನಲ್ಲಿ ಕಣ್ಣು ಮುಚ್ಚಿದರು. ಆಗ ಅವರಿಗೆ 58 ವರ್ಷ. 1940 ಮತ್ತು 1944ರ ಒಲಿಂಪಿಕ್ಸ್‌ಗಳು ಯುದ್ಧದಿಂದಾಗಿ ನಡೆಯಲೇ ಇಲ್ಲ. ಹಾಗಾಗಿ ಅವರು ಕಂಡ ಕೊನೆಯ ಒಲಿಂಪಿಕ್ಸ್ ಕಾಲ 1936ರದು. ಸ್ವತಂತ್ರ ಭಾರತದ ತಂಡ 1948ರಲ್ಲಿ ಲಂಡನ್ನಿಗೆ ಹೊರಟಾಗ ಅವರು ಇರಲಿಲ್ಲ.

ಐವರಿಂದ ಶುರುವಾದ ಕಾಲೇಜು 2020ರಲ್ಲಿ ನೂರು ವರ್ಷ ತುಂಬಿಸಿತು. ಕೊರೊನಾ ಕಾರಣದಿಂದ ದೇಶದ ಶಾಲೆಗಳೆಲ್ಲ ಮುಚ್ಚಿ, ಮಕ್ಕಳು ಮೈದಾನಕ್ಕಿಳಿಯದೆ ಮನೆಯಲ್ಲೇ ಕುಳಿತ ವರ್ಷವದು.