ಲಾಲ್‌ಬಾಗಿನ ಜರ್ಮನ್ ತೋಟಗಾರ

ಜೂನ್ ಬಂತೆಂದರೆ ಮೆಕಿನ್ನಿಯ ರಸ್ತೆಗಳ ಬಣ್ಣವೇ ಬದಲಾಗುತ್ತೆ. ಸಾಲುಸಾಲಾಗಿ ನಿಂತ ಕ್ರೇಪ್ ಮರ್ಟಲ್ ಗಿಡಗಳು ಗುಲಾಬಿ, ನೇರಳೆ, ಬಿಳಿ, ಕೆಂಪು ಬಣ್ಣಗಳಲ್ಲಿ ಹೂ ಬಿಡ್ತವೆ. ಇದನ್ನು ಈ ಊರಿನವರು ತಮ್ಮ ಗುರುತು ಮಾಡಿಕೊಂಡಿದ್ದಾರೆ. ನೂರಕ್ಕೂ ಹೆಚ್ಚು ತಳಿಗಳನ್ನು ಒಂದೇ ಕಡೆ ನೆಟ್ಟು ಅದಕ್ಕೊಂದು ಪಾರ್ಕನ್ನೇ ಮಾಡಿದ್ದಾರೆ. ಕಳೆದ ಬೇಸಿಗೆ ನಮ್ಮ ಸಂಘದ ನಾಲ್ಕೈದು ಜನ ಅಲ್ಲಿಗೆ ಹೋಗಿದ್ದೆವು. ಸುಕ್ಕುಸುಕ್ಕಾದ ದಳಗಳನ್ನು ನೋಡ್ತಾ ನಮ್ಮಲ್ಲಿ ಮಲೆನಾಡಿನ ಕಡೆಯ ಒಬ್ಬರು ಇದು ನಮ್ಮ ಹೊಳೆದಾಸವಾಳದ ತಂಗಿ ಇದ್ದ ಹಾಗಿದೆ ಅಂದರು. ಮನೆಗೆ ಬಂದು ಹುಡುಕಿದರೆ ಮಾತು ನಿಜ. ಎರಡೂ ಒಂದೇ ಕುಲದ ಗಿಡಗಳು. ಅದರಲ್ಲೂ ಇಲ್ಲಿಯ ಕ್ರೇಪ್ ಮರ್ಟಲ್‌ನ ಸಸ್ಯಶಾಸ್ತ್ರೀಯ ಹೆಸರಿನಲ್ಲೇ 'ಇಂಡಿಕಾ' ಅಂತ ಇದೆ!

ಅಲ್ಲಿಂದ ಮಾತು ಬೆಂಗಳೂರಿನ ಸಾಲುಮರಗಳಿಗೆ ಹೋಯಿತು. ಅವನ್ನು ಯಾರು ನೆಟ್ಟರು, ಯಾಕೆ ಹಾಗೆ ನೆಟ್ಟರು ಅಂತ ಚರ್ಚೆ ಆಯಿತು. ನಮ್ಮಲ್ಲಿ ಇಬ್ಬರು ಲ್ಯಾಂಡ್‌ಸ್ಕೇಪ್ ವಿನ್ಯಾಸ ಓದುತ್ತಿದ್ದಾರೆ. ಹಳೆಯ ತೋಟಗಳನ್ನು ಅಧ್ಯಯನ ಮಾಡಿ ಮತ್ತೆ ಮೊದಲಿನ ರೂಪಕ್ಕೆ ತರೋದು ಅವರ ಪಾಠಗಳಲ್ಲೊಂದು. ಅವರು ಒತ್ತಾಯ ಮಾಡಿದ್ದರಿಂದ ಈ ವರ್ಷದ ಸಂಚಿಕೆಗೆ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಬಗ್ಗೆ ಬರೆಯೋಣ ಅಂತ ತೀರ್ಮಾನ ಮಾಡಿದೆವು. ಲಾಲ್‌ಬಾಗಿನ ಹತ್ತಿರ ಕ್ರುಂಬಿಗಲ್ ರಸ್ತೆ ಅಂತ ಒಂದಿದೆ. ನಮ್ಮಲ್ಲಿ ಅದರಲ್ಲಿ ಓಡಾಡದ ಬೆಂಗಳೂರಿನವರು ಯಾರೂ ಇಲ್ಲ. ಆದರೆ ಅದು ಯಾರ ಹೆಸರು ಅಂದರೆ ಯಾರೋ ಬ್ರಿಟಿಷ್ ಅಧಿಕಾರಿ ಇರಬೇಕು ಅಂದವರೇ ಹೆಚ್ಚು.

ಅವರು ಬ್ರಿಟಿಷರಲ್ಲ. 1865ರ ಡಿಸೆಂಬರ್‌ನಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡನ್ ಬಳಿಯ ಲೋಮೆನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ತೋಟಗಾರಿಕೆ ಕಲಿತದ್ದು ಹತ್ತಿರದ ಪಿಲ್ನಿಟ್ಸ್‌ನಲ್ಲಿ. ಎಲ್ಬೆ ನದಿಯ ದಡದ ಈ ಪಿಲ್ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಿಗೆ ಅರಮನೆ ಇದ್ದ ಜಾಗ. ಅರಮನೆ, ನೀರು, ಅಳೆದು ಕತ್ತರಿಸಿದ ಗಿಡಗಳ ಸಾಲು, ದೂರದೇಶದಿಂದ ತಂದು ಚಳಿಗೆ ಸಾಯದ ಹಾಗೆ ಜೋಪಾನ ಮಾಡಿದ ಸಸ್ಯಗಳು, ಇವುಗಳ ನಡುವೆ ಆ ಹುಡುಗ ಕೆಲಸ ಕಲಿತ. ಮುಂದೆ ಕೃಷ್ಣರಾಜಸಾಗರದಲ್ಲಿ ಮಾಡಿದ್ದನ್ನು ನೋಡಿದರೆ ಪಿಲ್ನಿಟ್ಸ್ ಅವರ ಮನಸ್ಸಿನಿಂದ ಹೋಗಿರಲಿಲ್ಲ ಅಂತ ನಮಗೆ ಅನ್ನಿಸುತ್ತೆ. ಇದು ನಮ್ಮ ಊಹೆ ಅಷ್ಟೆ.

ಆಮೇಲೆ ಶ್ವೆರಿನ್, ಹ್ಯಾಂಬರ್ಗ್ ಊರುಗಳಲ್ಲಿ ಕೆಲಸ. 1888ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ವಿನ್ಯಾಸ ಮಾಡಿದರು. ಅಲ್ಲಿಂದ ಕ್ಯೂ ಸಸ್ಯೋದ್ಯಾನ ಸೇರಿದರು. ಆ ಕಾಲಕ್ಕೆ ಕ್ಯೂ ಅಂದರೆ ಸಾಮ್ರಾಜ್ಯದ ಸಸ್ಯಗಳ ಕಚೇರಿ ಇದ್ದ ಹಾಗೆ. ಜಗತ್ತಿನ ಮೂಲೆಮೂಲೆಯಿಂದ ಬೀಜ ಬರೋದು, ಹೆಸರು ಇಡೋದು, ಎಲ್ಲಿ ಬೆಳೆದರೆ ಲಾಭ ಅಂತ ಲೆಕ್ಕ ಹಾಕಿ ಇನ್ನೊಂದು ಮೂಲೆಗೆ ಕಳಿಸೋದು, ಎಲ್ಲ ಅಲ್ಲಿಂದಲೇ. ಕ್ಯೂನಿಂದ ತೋಟಗಾರರೂ ಹಾಗೇ ರಫ್ತಾಗುತ್ತಿದ್ದರು. 1893ರಲ್ಲಿ ಕ್ರುಂಬಿಗಲ್ ಬರೋಡಾ ಸಂಸ್ಥಾನಕ್ಕೆ, ಮಹಾರಾಜ ಸಯಾಜಿರಾವ್ ಗಾಯಕವಾಡರ ಸೇವೆಗೆ ಬಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಹೆಚ್ಚುಕಡಿಮೆ ನಾವು ಸೂಟ್‌ಕೇಸ್ ಹಿಡಿದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಇಳಿದ ವಯಸ್ಸು.

ಬರೋಡಾದಲ್ಲಿ ಹದಿನಾಲ್ಕು ಹದಿನೈದು ವರ್ಷ ಕಳೆದವು. ಅಷ್ಟರಲ್ಲಿ ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ಕರೆ ಬಂತು. 1908ರಲ್ಲಿ ಜಾನ್ ಕ್ಯಾಮರನ್ ನಿವೃತ್ತರಾದ ಮೇಲೆ ಲಾಲ್‌ಬಾಗ್ ಮತ್ತು ಸಂಸ್ಥಾನದ ಸರ್ಕಾರಿ ತೋಟಗಳೆಲ್ಲ ಕ್ರುಂಬಿಗಲ್ ಕೈಗೆ ಬಂದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ರುಂಬಿಗಲ್ ಬಂದಾಗ ಲಾಲ್‌ಬಾಗ್ ಖಾಲಿ ಜಾಗ ಆಗಿರಲಿಲ್ಲ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ, ಟಿಪ್ಪು ಬೆಳೆಸಿದ ತೋಟ ಅದು. 1856ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯಿತು. ಕ್ಯಾಮರನ್ ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ವಿಸ್ತರಿಸಿದರು. ನಾವು ಇವತ್ತು ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ನೂಕುನುಗ್ಗಲಲ್ಲಿ ಸಿಕ್ಕಿಕೊಳ್ಳುವ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಅವರ ಕಾಲದಲ್ಲೇ. ನಾವು ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವರೂ ಅವರೇ. ಅಂದರೆ ಕ್ರುಂಬಿಗಲ್‌ಗೆ ಸಿಕ್ಕಿದ್ದು ನೂರೈವತ್ತು ವರ್ಷ ಹಳೆಯ ತೋಟ, ಅದರಲ್ಲಿ ಒಬ್ಬರ ಮೇಲೊಬ್ಬರು ಬರೆದ ಮೂರ್ನಾಲ್ಕು ಪದರ. ಅಧಿಕಾರಕ್ಕೆ ಬಂದ ಹೊಸಬರು ಹಳೆಯದನ್ನು ಅಳಿಸಿ ತಮ್ಮ ಹೆಸರು ಬರೆಯೋದು ನಾವೆಲ್ಲ ನೋಡಿರೋ ವಿಷಯ. ಇವರು ಹಾಗೆ ಮಾಡಲಿಲ್ಲ. ಕ್ಯಾಮರನ್ ಬಿಟ್ಟುಹೋದ ಸಸ್ಯ ಸಂಗ್ರಹವನ್ನು ಮುಂದುವರಿಸಿದರು, ಹೊಸದನ್ನು ಪಕ್ಕದಲ್ಲಿ ಸೇರಿಸಿದರು.

ಕೆಲಸದ ಪಟ್ಟಿ ದೊಡ್ಡದು. ಬೇರೆ ದೇಶಗಳ ಸಸ್ಯೋದ್ಯಾನಗಳ ಜೊತೆ ಬೀಜ ವಿನಿಮಯ ನಡೆಸಿದರು. ಸೂರ್ಯಕಾಂತಿ, ಸೋಯಾ, ರೋಡ್ಸ್ ಹುಲ್ಲು, ಅಮೆರಿಕದ ಮೆಕ್ಕೆಜೋಳ ಇಂಥವನ್ನು ತರಿಸಿ ಮೈಸೂರಿನ ಮಣ್ಣಿನಲ್ಲಿ ಬೆಳೆದು ನೋಡಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ತೋಟಗಾರಿಕೆ ಅಂದರೆ ಅರಮನೆಯ ಶೋಕಿ ಮಾತ್ರ ಅಲ್ಲ, ರೈತನ ಹೊಲಕ್ಕೂ ಮನೆಯ ಹಿತ್ತಲಿಗೂ ಅದು ಹೋಗಬೇಕು ಅನ್ನೋ ಯೋಚನೆ ಈ ಎಲ್ಲದರ ಹಿಂದೆ ಕಾಣುತ್ತೆ.

ಆದರೆ ಜನ ಅವರನ್ನು ನೆನೆಯೋದು ರಸ್ತೆ ಬದಿಯ ಮರಗಳಿಗೆ. ಒಂದು ರಸ್ತೆಯ ಮರ ಹೂ ಮುಗಿಸುವಾಗ ಇನ್ನೊಂದು ರಸ್ತೆಯದು ಶುರುವಾಗಬೇಕು, ವರ್ಷದಲ್ಲಿ ಯಾವಾಗ ನೋಡಿದರೂ ಊರಿನಲ್ಲಿ ಎಲ್ಲೋ ಒಂದು ಕಡೆ ಹೂ ಇರಬೇಕು. ಇದು ಅವರ ಲೆಕ್ಕ. ನಮ್ಮೂರಲ್ಲಿ ಮಾಘದ ಚಳಿ ಇಳಿಯುವಾಗ ತಬೂಬಿಯಾ, ಆಮೇಲೆ ಜಕರಾಂಡದ ನೀಲಿ, ಯುಗಾದಿ ದಾಟಿದ ಮೇಲೆ ಗುಲ್‌ಮೊಹರ್, ಅದರ ಬೆನ್ನಿಗೇ ಹೊಳೆದಾಸವಾಳ. ಇದನ್ನು ಮಾಡೋಕೆ ಚಂದದ ಕಲ್ಪನೆ ಇದ್ದರೆ ಸಾಲದು. ಯಾವ ಮರ ಯಾವ ತಿಂಗಳು ಎಲೆ ಉದುರಿಸುತ್ತೆ, ಬೇರು ಎಷ್ಟು ಹರಡುತ್ತೆ, ಅಗಲದ ರಸ್ತೆಗೆ ಯಾವುದು, ಸಣ್ಣ ರಸ್ತೆಗೆ ಯಾವುದು ಅಂತ ವರ್ಷಗಟ್ಟಲೆ ನೋಡಿ ಬರೆದಿಟ್ಟುಕೊಂಡಿರಬೇಕು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇತ್ತೀಚೆಗೆ ಪ್ರತಿ ವರ್ಷ ತಬೂಬಿಯಾ ಅರಳಿದಾಗ ಅದರ ಫೋಟೋ ಹಾಕಿ ಎಲ್ಲ ಶ್ರೇಯಸ್ಸನ್ನೂ ಕ್ರುಂಬಿಗಲ್ ತಲೆಗೆ ಕಟ್ಟೋದು ರೂಢಿಯಾಗಿದೆ. ಅದು ಸರಿಯಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ 15 ಲಕ್ಷ ಸಸಿ ನೆಟ್ಟರು. ನಾವು ನೋಡಿ ಬೆಳೆದ ಎಷ್ಟೋ ಹೂಮರಗಳು ಆ ಕಾಲದವು. ಸಂಶೋಧನೆ ಮಾಡದೆ ಹಳೆಯ ತೋಟ ಉಳಿಸೋಕೆ ಹೊರಟರೆ ಹೀಗೇ ಆಗೋದು. ಯಾರ ಮರ ಯಾರದು ಅಂತಲೇ ಗೊತ್ತಿರಲ್ಲ.

ಇನ್ನು ಬೃಂದಾವನ. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಅಣೆಕಟ್ಟೆಯ ಕೆಳಗೆ ಕಾಶ್ಮೀರದ ಶಾಲಿಮಾರ್ ಮಾದರಿಯಲ್ಲಿ ಒಂದು ತೋಟ ಆಗಬೇಕು ಅಂತ ಆಸೆ. ವಿನ್ಯಾಸ ಕ್ರುಂಬಿಗಲ್ ಅವರದು. 1927ರಲ್ಲಿ ಶುರುವಾಗಿ 1932ಕ್ಕೆ ಮುಗಿಯಿತು. ಸುಮಾರು 60 ಎಕರೆ, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ನೀರಿನ ಕಾಲುವೆ, ಎರಡೂ ಕಡೆ ಒಂದಕ್ಕೊಂದು ಕನ್ನಡಿ ಹಿಡಿದಂಥ ಪಾತಿಗಳು. ಮೇಲಿನ ಜಲಾಶಯದ ಒತ್ತಡವೇ ಕಾರಂಜಿಗೆ ಶಕ್ತಿ. ಅಣೆಕಟ್ಟು ಕಟ್ಟಿದಾಗ ಕೆಳಗೆ ಉಳಿಯೋದು ಸಾಮಾನ್ಯವಾಗಿ ಕಲ್ಲು ಒಡೆದ, ಮಣ್ಣು ತೆಗೆದ ಹಾಳು ನೆಲ. ಅಂಥ ಜಾಗವನ್ನು ತೋಟ ಮಾಡಿದ್ದು ನಮಗೆ ಇವತ್ತಿಗೂ ದೊಡ್ಡ ಪಾಠ. ಕನ್ನಡ ಸಿನಿಮಾದ ಎಷ್ಟು ಜೋಡಿಗಳು ಆ ಮೆಟ್ಟಿಲುಗಳ ಮೇಲೆ ಓಡಿದ್ದಾರೋ ಲೆಕ್ಕ ಇಟ್ಟವರಿಲ್ಲ.

1932ರಲ್ಲೇ ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಎಚ್. ಸಿ. ಜವರಾಯ, ಆಮೇಲೆ ಎಂ. ಎಚ್. ಮರಿಗೌಡ. ಇಬ್ಬರೂ ನಮ್ಮ ನೆಲದವರು. ಮರಿಗೌಡರು ತೋಟಗಾರಿಕೆಯನ್ನು ರಾಜ್ಯದ ಹಳ್ಳಿಹಳ್ಳಿಗೆ ಒಯ್ದ ಕಥೆಗೆ ಬೇರೆಯೇ ಲೇಖನ ಬೇಕು. ಕ್ರುಂಬಿಗಲ್ ಮಾತ್ರ ಊರಿಗೆ ವಾಪಸ್ ಹೋಗಲಿಲ್ಲ. ಅವರ ಜೀವಿತದಲ್ಲಿ ಜರ್ಮನಿಗೂ ಬ್ರಿಟನ್ನಿಗೂ ಎರಡು ಮಹಾಯುದ್ಧ ನಡೆದವು. ಹುಟ್ಟೂರಿನ ಪಕ್ಕದ ಡ್ರೆಸ್ಡನ್ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅವರು ಸಂಸ್ಥಾನ ಹೋಗಿ ಗಣರಾಜ್ಯ ಬಂದದ್ದನ್ನೂ ನೋಡಿ, 1956ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ತೊಂಬತ್ತು ವರ್ಷ ತುಂಬಿತ್ತು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಬರೆಯೋಕೆ ಕೂತಾಗ ನಮಗೆ ಸಿಕ್ಕ ಇನ್ನೊಂದು ಹೆಸರು ಜಾರ್ಜ್ ಕೆಸ್ಲರ್. ಇವರೂ ಜರ್ಮನಿಯಲ್ಲೇ ಹುಟ್ಟಿದವರು, 1862ರಲ್ಲಿ. ಬಾಲ್ಯದ ಕೆಲವು ವರ್ಷ ಡಲ್ಲಾಸ್‌ನಲ್ಲಿ ಬೆಳೆದು, ಜರ್ಮನಿಗೆ ಹೋಗಿ ತೋಟದ ವಿದ್ಯೆ ಕಲಿತು ಬಂದರು. ಕ್ರುಂಬಿಗಲ್ ಬೆಂಗಳೂರಿನಲ್ಲಿ ಇದ್ದ ಕಾಲಕ್ಕೇ, 1911ರಲ್ಲಿ, ಕೆಸ್ಲರ್ ಡಲ್ಲಾಸ್ ನಗರಕ್ಕೆ ಯೋಜನೆ ಬರೆದರು. 1908ರ ಪ್ರವಾಹದಲ್ಲಿ ಊರು ಮುಳುಗಿಸಿದ್ದ ಟ್ರಿನಿಟಿ ನದಿಗೆ ದಂಡೆ, ತೊರೆಗಳ ಪಕ್ಕ ಪಾರ್ಕು, ಮರಗಳಿರುವ ಅಗಲ ರಸ್ತೆಗಳು. ರೈಲು ಹಳಿ ತೆಗೆದು ಅಲ್ಲೊಂದು ಬುಲೆವಾರ್ಡ್ ಮಾಡಬೇಕು ಅಂತಲೂ ಅವರು ಹೇಳಿದ್ದರು. ಹಲವು ದಶಕ ಕಳೆದ ಮೇಲೆ ಆ ಬುಲೆವಾರ್ಡ್ ಆಯಿತು, ಆದರೆ ಮರಗಳ ಬದಲು ಕಾಂಕ್ರೀಟಿನಲ್ಲಿ. ಅದೇ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ. ಮೆಕಿನ್ನಿಯಿಂದ ಡಲ್ಲಾಸ್‌ಗೆ ಹೋಗುವಾಗ ನಾವು ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುವ 75ನೇ ನಂಬರಿನ ಹೆದ್ದಾರಿ.

ಬೆಂಗಳೂರಿನ ಕಥೆಯೂ ಆ ದಾರಿಯಲ್ಲೇ ಇದೆ. 2009ರಲ್ಲಿ ಮೆಟ್ರೋಗಾಗಿ ಲಾಲ್‌ಬಾಗಿನ ಅಂಚಿನ ಜಾಗ ಹೋಯಿತು, ನಂದಾ ರಸ್ತೆಯ ಮರಗಳು ಉರುಳಿದವು. ಮರ ತಬ್ಬಿಕೊಂಡು ಪ್ರತಿಭಟನೆ ಮಾಡಿದವರಲ್ಲಿ ನಮ್ಮ ಅಕ್ಕ ಅಣ್ಣಂದಿರ ವಯಸ್ಸಿನವರಿದ್ದರು. ಮೆಟ್ರೋ ಬೇಡ ಅಂತ ನಾವು ಹೇಳಲ್ಲ. ರಜಕ್ಕೆ ಹೋದಾಗ ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿಯುವವರೂ ನಾವೇ. ಆದರೆ ಎಲ್ಲಿ ಕಡಿಯಬಹುದು, ಎಲ್ಲಿ ಮುಟ್ಟಲೇಬಾರದು ಅಂತ ಹೇಳೋಕೆ ಒಂದು ದಾಖಲೆ ಬೇಕಲ್ಲ? ಅಮೆರಿಕದಲ್ಲಿ ಕಟ್ಟಡಗಳ ಹಾಗೆಯೇ ಐತಿಹಾಸಿಕ ತೋಟಗಳನ್ನೂ ಅಳೆದು, ನಕ್ಷೆ ಬರೆದು, ಚರಿತ್ರೆ ಬರೆದು ಇಡುವ ಸಮೀಕ್ಷೆ 2000ದಿಂದ ನಡೀತಿದೆ. ಹಳೆಯ ಫೋಟೋ, ನರ್ಸರಿ ಲೆಕ್ಕದ ಪುಸ್ತಕ, ಬೀಜ ವಿನಿಮಯದ ಪಟ್ಟಿ, ಮರದ ಸುತ್ತಳತೆ ಎಲ್ಲ ಅದಕ್ಕೆ ಸಾಕ್ಷಿ. ಇದ್ದದ್ದನ್ನು ಉಳಿಸೋದು, ಹಳೆ ರೂಪಕ್ಕೆ ತರೋದು, ಪೂರ್ತಿ ಹೋದದ್ದನ್ನು ಹೊಸದಾಗಿ ಕಟ್ಟೋದು, ಈ ಮೂರೂ ಬೇರೆ ಬೇರೆ ಅಂತ ನಮ್ಮ ಗೆಳೆಯರಿಗೆ ಮೊದಲ ತರಗತಿಯಲ್ಲೇ ಕಲಿಸುತ್ತಾರಂತೆ. ಲಾಲ್‌ಬಾಗಿನೊಳಗೆ ಕ್ರುಂಬಿಗಲ್ ಹೆಸರಿನ ಹಳೆಯ ಸಭಾಂಗಣ ಶಿಥಿಲವಾಗಿ 2017ರಲ್ಲಿ ಕುಸಿಯಿತು. ಆಮೇಲೆ ಹಳೆಯ ರೂಪದಲ್ಲೇ ಮತ್ತೆ ಕಟ್ಟಿದರು. ಕಟ್ಟಡವಾದರೆ ಹಾಗೆ ಮಾಡಬಹುದು. ನೂರು ವರ್ಷದ ಮರವನ್ನು ಮತ್ತೆ ಕಟ್ಟೋಕೆ ನೂರು ವರ್ಷವೇ ಬೇಕು.

ಇನ್ನು ಲಾಲ್‌ಬಾಗನ್ನು ಹಳೆಯ ರೂಪಕ್ಕೆ ತರೋದು ಅಂದರೆ ಯಾವ ಹಳೆಯ ರೂಪಕ್ಕೆ? ಹೈದರನದೋ, ಕ್ಯಾಮರನ್‌ದೋ, ಕ್ರುಂಬಿಗಲ್‌ದೋ, ಮರಿಗೌಡರದೋ? ಈ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಇನ್ನೂ ಜಗಳ ನಡೀತಾ ಇದೆ. ಒಬ್ಬರು 1932ರ ರೂಪವೇ ಸರಿ ಅಂತಾರೆ. ಇನ್ನೊಬ್ಬರು ಅದನ್ನು ಒಪ್ಪಲ್ಲ, ಎಲ್ಲ ಪದರವೂ ಉಳೀಬೇಕು, ಯಾವುದೋ ಒಂದು ವರ್ಷಕ್ಕೆ ಗಡಿಯಾರ ನಿಲ್ಲಿಸಿದರೆ ಅದು ತೋಟ ಆಗಿರಲ್ಲ ಅಂತ ವಾದಿಸ್ತಾರೆ. ಉಳಿದವರು ಸದ್ಯಕ್ಕೆ ಎರಡನೆಯವರ ಕಡೆ ಇದ್ದೇವೆ. ಡಿಸೆಂಬರ್ ರಜಕ್ಕೆ ಊರಿಗೆ ಹೋಗುವ ಮೂವರು ಒಂದು ಬೆಳಗ್ಗೆ ಪಶ್ಚಿಮ ದ್ವಾರದಿಂದ ಒಳಗೆ ಹೋಗಿ, ಟೇಪು ಹಿಡಿದು ದೊಡ್ಡ ಮರಗಳ ಸುತ್ತಳತೆ ಬರೆದುಕೊಂಡು ಬರುವುದು ಅಂತ ಆಗಿದೆ. ಬರುವಾಗ ಹೊಸೂರು ರಸ್ತೆಯ ಸಮಾಧಿಗೂ ಹೋಗಿ ಬರ್ತಾರೆ.