ಜಮಶೇಟಜಿ ಟಾಟಾ ಮತ್ತು ಗಿರಣಿಯ ಕೂಲಿಕಾರ

ಜಮಶೇಟಜಿ ಟಾಟಾ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿಜ್ಞಾನ ಮಂದಿರವನ್ನು ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವರು. ಆ ಮಂದಿರದ ದಾನಿಯನ್ನೂ ಉಕ್ಕಿನ ಕಾರಖಾನೆಯ ಕನಸನ್ನು ಕಂಡ ಸಾಹಸಿಯನ್ನೂ ನೆನೆಯುವವರು ಅನೇಕರುಂಟು. ಕೂಲಿಕಾರನ ಮನಸ್ಸನ್ನರಿತ ಗಿರಣಿಯ ಒಡೆಯನನ್ನು ನೆನೆಯುವವರು ಮಾತ್ರ ವಿರಳ.

1839ನೆಯ ಇಸವಿ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ, ಪಾರಸಿ ಪುರೋಹಿತರ ಮನೆತನದಲ್ಲಿ ಅವರು ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ತಂದೆಯ ವ್ಯಾಪಾರವನ್ನು ಸೇರಿದರು. 1869ರಲ್ಲಿ ದಿವಾಳಿಯೆದ್ದ ಎಣ್ಣೆಯ ಗಿರಣಿಯೊಂದನ್ನು ಕೊಂಡು, ಅದನ್ನು ಅರಳೆಯ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಬಳಿಕ ಲ್ಯಾಂಕಶಾಯರಿಗೆ ಹೋಗಿ ಅಲ್ಲಿಯ ನೂಲು ನೇಯ್ಗೆಗಳ ಮರ್ಮವನ್ನು ಕಣ್ಣಾರೆ ಕಂಡು ಬಂದರು. ಗಿರಣಿಯೆಂದರೆ ಮುಂಬಯಿಯಲ್ಲಿಯೇ ಇರಬೇಕೆಂದು ಲೋಕವು ನಂಬಿದ್ದ ಆ ಕಾಲದಲ್ಲಿ, ಅವರು ಹತ್ತಿ ಬೆಳೆಯುವ ನಾಡಿನ ನಡುವಣ ನಾಗಪುರವನ್ನು ಆರಿಸಿದರು. 1877ರ ಜನವರಿ 1ರಂದು ಎಂಪ್ರೆಸ್ ಗಿರಣಿಯು ಆರಂಭವಾಯಿತು.

ಯಂತ್ರಗಳು ಬಂದವು, ಆದರೆ ಮನುಷ್ಯರು ನಿತ್ಯವೂ ಬರಲಿಲ್ಲ. ನೂರಕ್ಕೆ 80 ಜನರು ಬಂದರೆ ಅದೇ ಭಾಗ್ಯವೆನಿಸುತ್ತಿತ್ತು. ಬಿತ್ತನೆ, ಸುಗ್ಗಿ, ಹಬ್ಬ, ಮದುವೆಗಳ ಲೆಕ್ಕದಲ್ಲಿ ಬಾಳಿದವನಿಗೆ ಗಿರಣಿಯ ಸೀಟಿಯ ಲೆಕ್ಕವು ಹಿಡಿಸುವುದೆಂತು? ಅದೇ ವರ್ಷ ಕೂಲಿಯ ದರಕ್ಕಾಗಿ ನೇಕಾರರು ಮುಷ್ಕರವನ್ನೂ ಹೂಡಿದರು. ಇಂತಹ ಸಂದರ್ಭದಲ್ಲಿ ಬಾರದವನಿಗೆ ದಂಡ, ಮತ್ತೆ ಬಾರದಿದ್ದರೆ ಬರತರ್ಫಿ, ಇದೇ ಅಂದಿನ ಒಡೆಯರು ಬಲ್ಲ ಮದ್ದು.

ಜಮಶೇಟಜಿಯವರು ಈ ಮದ್ದನ್ನು ನೆಚ್ಚಲಿಲ್ಲ. ಇಂದಿನ ಕೂಲಿಯಷ್ಟೇ ಕೈಗೆ ಬರುವವನು ನಾಳೆ ಬರಲೇಬೇಕೆಂಬುದಕ್ಕೆ ಕಾರಣವೇನಿದೆ ಎಂದು ಅವರು ವಿಚಾರ ಮಾಡಿದರು. ಮುಪ್ಪಿಗೆ ಆಸರೆಯಾಗುವ ನಿಧಿಯನ್ನು ಏರ್ಪಡಿಸಿದರು. ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನ ಸಂಸಾರವು ಬೀದಿಪಾಲಾಗದಂತೆ ಪರಿಹಾರದ ವ್ಯವಸ್ಥೆ ಮಾಡಿದರು. ತಪ್ಪದೆ ದುಡಿದವರಿಗೆ ಗಡಿಯಾರ, ಚಿನ್ನದ ಸರ, ನಗದು ಬಹುಮಾನಗಳನ್ನು ಎಲ್ಲರೆದುರು ಕೊಡಿಸಿದರು. ಆಟೋಟಗಳ ದಿನಗಳನ್ನೂ ಗೊತ್ತುಪಡಿಸಿದರು. ನೂಲು ಕಡಿಯದಿರಲೆಂದೂ ಕೂಲಿಕಾರನ ಉಸಿರು ಕಟ್ಟದಿರಲೆಂದೂ ಗಿರಣಿಯೊಳಗಿನ ಗಾಳಿಯನ್ನು ತಂಪುಗೊಳಿಸುವ ಸಾಧನಗಳನ್ನು ತರಿಸಿದರು. ಇವುಗಳಲ್ಲಿ ಒಂದನ್ನಾದರೂ ಅಂದಿನ ಕಾಯಿದೆಯು ಕೇಳಿರಲಿಲ್ಲ. ದಂಡವು ತರಲಾರದ ಜನರನ್ನು ಭರವಸೆಯು ತಂದಿತು. ಗಿರಣಿಯು ಹಾಜರಿಯಲ್ಲಿಯೂ ಲಾಭದಲ್ಲಿಯೂ ಮುಂದುವರಿಯಿತು.

ಇದು ದಾನವೇ? ಅಲ್ಲ. ಕೂಲಿಕಾರನ ಕ್ಷೇಮವು ತಮ್ಮ ಉದ್ಯಮದ ತಳಹದಿಯೆಂದೇ ಅವರು ಭಾವಿಸಿದ್ದರು. ಆದರೆ ಇದರ ಮಿತಿಯನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಆ ಕಾಲದ ಗಿರಣಿಗಳು ಬೆಳಗಿನಿಂದ ಸಂಜೆಯವರೆಗೆ ದುಡಿಸುತ್ತಿದ್ದವು. ವಯಸ್ಕ ಗಂಡಸರ ದುಡಿಮೆಗೆ 12 ಗಂಟೆಗಳ ಮಿತಿಯೊಂದು ಕಾಯಿದೆಯಿಂದ ಬಂದುದು 1911ರಲ್ಲಿ. ಬಹುಮಾನದ ಗಡಿಯಾರವು ದಣಿದ ಮೈಗೆ ವಿಶ್ರಾಂತಿಯನ್ನು ಕೊಡಲಾರದು. ಆಟದ ದಿನವು ನ್ಯಾಯವಾದ ಕೂಲಿಗೆ ಬದಲಾಗಲಾರದು.

ಅವರ ವಿಚಾರವು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಇನ್ನೂ ಹುಟ್ಟದ ಉಕ್ಕಿನ ಊರಿನ ವಿಷಯವಾಗಿ 1902ರಲ್ಲಿ ಮಗ ದೋರಾಬಜಿಗೆ ಪತ್ರ ಬರೆದು, ಅಗಲವಾದ ಬೀದಿಗಳು, ನೆರಳಿನ ಮರಗಳು, ಆಟದ ಬಯಲುಗಳು, ಎಲ್ಲ ಮತದವರ ಪೂಜಾಸ್ಥಾನಗಳು ಅಲ್ಲಿ ಇರಬೇಕೆಂದು ತಿಳಿಸಿದರು. 1904ರ ಮೇ 19ರಂದು ಜರ್ಮನಿಯಲ್ಲಿ ಅವರು ಕಾಲವಾದರು. ಅವರು ಕಾಣದ ಆ ಊರಿನಲ್ಲಿ, ಇಂದಿನ ಜಮಶೇಡಪುರದಲ್ಲಿ, 1912ರಲ್ಲಿ 8 ಗಂಟೆಗಳ ದುಡಿಮೆಯ ದಿನವು ಜಾರಿಗೆ ಬಂದಿತು. ಇಡೀ ದೇಶದ ಕಾರಖಾನೆಗಳಿಗೆ ವಾರಕ್ಕೆ 48 ಗಂಟೆಗಳ ನಿಯಮವು 1948ರಲ್ಲಿಯೂ ಪ್ರಾವಿಡೆಂಟ್ ಫಂಡಿನ ಕಾಯಿದೆಯು 1952ರಲ್ಲಿಯೂ ಬಂದವು.

ನಾಗಪುರದ ಆ ಗಿರಣಿಯ ಸೀಟಿ ಇಂದು ಕೇಳಿಸದು. ಆದರೆ ಅದು ಕಲಿಸಿದ ಪಾಠಕ್ಕೆ ಮುಪ್ಪಿಲ್ಲ. ಆಳು ಮೈಗಳ್ಳನೆಂದು ದೂರುವ ಪ್ರತಿಯೊಬ್ಬ ಒಡೆಯನೂ, ಅವನ ನಾಳೆಗೆ ತಾನೇನು ಇಟ್ಟಿದ್ದೇನೆಂದು ಮೊದಲು ತನ್ನನ್ನೇ ಕೇಳಿಕೊಳ್ಳಲಿ. ಉತ್ತರವು ಬರಿದಾಗಿದ್ದರೆ, ಹಾಜರಿಯ ಪಟ್ಟಿಯೂ ಬರಿದಾಗಿರುವುದರಲ್ಲಿ ಆಶ್ಚರ್ಯವೇನು?