ಸೊಳ್ಳೆ ಕುಡಿದದ್ದು ಯಾರ ರಕ್ತ? – ರೊನಾಲ್ಡ್ ರಾಸ್ ಜೀವನದಿಂದ ಒಂದು ಪಾಠ

ಮಲೇರಿಯಾ ಪಾಠದಲ್ಲಿ ರೊನಾಲ್ಡ್ ರಾಸ್ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅವರು ಕಂಡುಹಿಡಿದದ್ದಕ್ಕಿಂತ ಕಂಡುಹಿಡಿದ ವಿಧಾನವೇ ವಿದ್ಯಾರ್ಥಿಗಳಿಗೆ ಹೆಚ್ಚು ಕಲಿಸುತ್ತದೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಆಲ್ಮೋರಾದಲ್ಲಿ. ಸಾಹಿತ್ಯದಲ್ಲಿ ಒಲವಿದ್ದರೂ ಸೇನಾಧಿಕಾರಿ ತಂದೆಯ ಇಚ್ಛೆಯಂತೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತಮ್ಮ ಬಂಗಲೆಯ ಕಿಟಕಿಯ ಬಳಿಯ ಪೀಪಾಯಿ ನೀರಿನಲ್ಲಿ ಸೊಳ್ಳೆಮರಿಗಳಿರುವುದನ್ನು ಗಮನಿಸಿದರು. ನೀರು ಚೆಲ್ಲಿಸಿದ ಮೇಲೆ ಸೊಳ್ಳೆ ಕಾಟ ಕಡಿಮೆಯಾಯಿತು.

1894ರಲ್ಲಿ ಲಂಡನ್ನಿನಲ್ಲಿ ಭೇಟಿಯಾದ ಪ್ಯಾಟ್ರಿಕ್ ಮ್ಯಾನ್ಸನ್, ಮಲೇರಿಯಾ ಹರಡುವುದರಲ್ಲಿ ಸೊಳ್ಳೆಯ ಪಾತ್ರವಿರಬಹುದೆಂದು ತಿಳಿಸಿದರು. ಮರುವರ್ಷ ಭಾರತಕ್ಕೆ ಮರಳಿದ ರಾಸ್ ಸೊಳ್ಳೆಗಳನ್ನು ಛೇದಿಸಿ ನೋಡತೊಡಗಿದರು. ಹೊರಗೆ ಹಿಡಿದ ಸೊಳ್ಳೆ ಮೊದಲು ಯಾವ ಪ್ರಾಣಿಯ ರಕ್ತ ಕುಡಿದಿತ್ತೋ ತಿಳಿಯದು. ಆದ್ದರಿಂದ ಮರಿಗಳಿಂದಲೇ ಸೊಳ್ಳೆಗಳನ್ನು ಬೆಳೆಸಿ, ರೋಗಿಯನ್ನು ಕಚ್ಚಲು ಬಿಟ್ಟರು. 1897ರ ಆಗಸ್ಟ್ 16ರಂದು ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಯನ್ನು ಅಂಥ ಸೊಳ್ಳೆಗಳಿಂದ ಕಚ್ಚಿಸಿದರು. ಕೊಟ್ಟದ್ದು ಸೊಳ್ಳೆಗೆ ಒಂದಾಣೆ. ಆಗಸ್ಟ್ 20ರಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಪರೋಪಜೀವಿಯ ಕೋಶಗಳು ಕಂಡವು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆ ಕಡಿತದಿಂದಲೇ ಹರಡುವುದನ್ನು ತೋರಿಸಿದರು. ಮನುಷ್ಯರ ಮಲೇರಿಯಾವನ್ನು ಅನಾಫಿಲೀಸ್ ಸೊಳ್ಳೆ ಹರಡುವುದನ್ನು ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಸಿದ್ಧಪಡಿಸಿದರು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. 1932ರ ಸೆಪ್ಟೆಂಬರ್ 16ರಂದು ಅವರು ನಿಧನರಾದರು.

ಆ ದಶಕದಲ್ಲೇ ಇರ್ವಿನ್ ನಾಲೆಯ ನೀರಿನೊಂದಿಗೆ ಮಂಡ್ಯ ಸೀಮೆಯಲ್ಲಿ ಮಲೇರಿಯಾ ಹೆಚ್ಚಿತು. ಇಲ್ಲಿ ಪ್ರಶ್ನೆ ತಿರುಗಿ ನಿಂತಿತು: ಗದ್ದೆ ಬಯಲಿನಲ್ಲಿ ತಾನಾಗಿ ಹಾರಾಡುವ ಸೊಳ್ಳೆ ಕುಡಿದದ್ದು ಯಾರ ರಕ್ತ? ಅದಕ್ಕೆ ಪ್ರೆಸಿಪಿಟಿನ್ ಪರೀಕ್ಷೆಯಿತ್ತು. ಸೊಳ್ಳೆಯ ಹೊಟ್ಟೆಯ ರಕ್ತಕ್ಕೆ ಮನುಷ್ಯ, ದನ ಮುಂತಾದವುಗಳ ವಿರುದ್ಧ ತಯಾರಿಸಿದ ಪ್ರತಿಸೀರಮ್ ಬೆರೆಸಿದರೆ, ಹೊಂದುವ ಸೀರಮಿನಲ್ಲಿ ಮಾತ್ರ ಗರಣೆ ಕಟ್ಟುತ್ತದೆ. ನಮ್ಮ ಬಯಲುಸೀಮೆಯ ಅನಾಫಿಲೀಸ್ ಕ್ಯುಲಿಸಿಫೇಸಿಸ್ ಹೆಚ್ಚಾಗಿ ದನದ ರಕ್ತವನ್ನೇ ಕುಡಿಯುತ್ತದೆ. ಆದರೂ ಸಂಖ್ಯೆ ಹೆಚ್ಚಿದಾಗ ಮನುಷ್ಯರಿಗೂ ರೋಗ ಹರಡುತ್ತದೆ.

ಮನೆಗೆ ತಾಗಿದಂತೆ ಕೊಟ್ಟಿಗೆಗಳಿರುವ ಹೊಳಲಿನಂಥ ಊರಿನ ತರಗತಿಯಲ್ಲಿ ಈ ಪಾಠಕ್ಕೆ ಒಂದು ಪ್ರಶ್ನೆ ಸಾಕು: ಕೊಟ್ಟಿಗೆಯಲ್ಲಿ ಹಿಡಿದ ಸೊಳ್ಳೆ ದನದ್ದೇ ರಕ್ತ ಕುಡಿದಿದೆಯೆಂದು ಪರೀಕ್ಷಿಸದೆ ಹೇಳಬಹುದೇ? ಉತ್ತರಕ್ಕೆ ಕಾರಣವನ್ನೂ ಕೇಳಿದರೆ, ನಿಯಂತ್ರಿತ ಪ್ರಯೋಗ ಏಕೆ ಬೇಕೆಂಬುದನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ.